ಎರಡು ಬ್ಯಾಟರಿ ಇದ್ದೂ ಘಾಟಿಯಲ್ಲಿ ನಿಂತೆ

ಎರಡು ಬ್ಯಾಟರಿ ಇದ್ದರೆ ಎರಡರಷ್ಟು ದೂರ ಹೋಗಬಹುದು ಅಲ್ವಾ? ಸ್ಕೂಟರ್ ಮಾರಿದವರು ಹೇಳಿದ್ದು ಅದನ್ನೇ, ನಾನು ನಂಬಿದ್ದೂ ಅದನ್ನೇ. ಒಟ್ಟು 84 ಕಿಲೋಮೀಟರ್ ದಾರಿ. ಮೊದಲ 70 ಸಪಾಟು, ಕೊನೆಯ 14 ಘಾಟಿ. ಘಾಟಿ ಹತ್ತಿ ನಾಲ್ಕು ಕಿಲೋಮೀಟರ್ ಆಗಿರಲಿಲ್ಲ, ಗಾಡಿ ಟಪ್ ಅಂತ ಬಂದ್. ಪರದೆ ನೋಡಿದರೆ ಇನ್ನೂ 38 ಪರ್ಸೆಂಟ್ ಚಾರ್ಜ್!

ನನ್ನ ಗಾಡಿಯಲ್ಲಿ ಸೀಟಿನ ಕೆಳಗೆ ಎರಡು ಪ್ಯಾಕ್. ಒಂದೊಂದೂ 48 ವೋಲ್ಟ್, 30 ಆಂಪಿಯರ್-ಅವರ್. ಒಂದು ಹೊಸದು, ಇನ್ನೊಂದಕ್ಕೆ ಮೂರು ವರ್ಷ. ಸ್ವಿಚ್ ಒತ್ತಿದರೆ ಇದು, ಇನ್ನೊಮ್ಮೆ ಒತ್ತಿದರೆ ಅದು. ಎರಡೂ ಒಟ್ಟಿಗೆ ಓಡುವುದಿಲ್ಲ. ಹೊಸದರ ಮೇಲಿನ ಪ್ರೀತಿಗೆ ಸಪಾಟು ರಸ್ತೆಯಲ್ಲೆಲ್ಲ ಅದನ್ನೇ ಓಡಿಸಿ ಖಾಲಿ ಮಾಡಿದೆ. ಏರಿಗೆ ಉಳಿದದ್ದು ಮುದುಕ. ಇದಕ್ಕಿಂತ ದಡ್ಡತನ ಇನ್ನೊಂದಿಲ್ಲ ಅಂತ ಆಮೇಲೆ ಗೊತ್ತಾಯಿತು.

ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಹಿಂದಕ್ಕೆ ಇಳಿಸಿಕೊಂಡು ಬಂದರೆ ಒಂದು ತಿರುವಿನಲ್ಲಿ ಪಂಕ್ಚರ್ ಅಂಗಡಿ. ಒಂದು ತಗಡಿನ ಚಾವಣಿ, ಒಂದು ಬೆಂಚು, ಒಂದು ಪ್ಲಗ್, ಅಷ್ಟೇ. ಅಲ್ಲಿದ್ದವರು ಎಲೆಕ್ಟ್ರಿಕ್ ಗಾಡಿ ರಿಪೇರಿ ಮಾಡುವವರಲ್ಲ. ಆದರೆ ಮೀಟರ್ ಹಿಡಿಯಲು ಬರುತ್ತಿತ್ತು. "ನೀವು ಸ್ವಲ್ಪ ಏರಿಸಿ, ನಾನು ನೋಡ್ತೀನಿ" ಅಂದರು. ನಿಂತಿದ್ದಾಗ 47 ವೋಲ್ಟ್. ಏರಿನ ಕಡೆ ಮುಖ ಮಾಡಿ ಥ್ರಾಟಲ್ ತಿರುಗಿಸಿದರೆ 41ಕ್ಕೆ ಕುಸಿಯಿತು, ಗಾಡಿ ಆಫ್ ಆಯಿತು. ಬಿಟ್ಟರೆ ಮತ್ತೆ 47ರ ಹತ್ತಿರ. ಚಾರ್ಜ್ ಇದೆ, ಆದರೆ ಒಂದೇ ಸಲಕ್ಕೆ ಅಷ್ಟೊಂದು ಕರೆಂಟ್ ಕೊಡುವ ಶಕ್ತಿ ಅದಕ್ಕಿಲ್ಲ. ಬ್ಯಾಟರಿ ಹಳೆಯದಾದಂತೆ ಒಳಗಿನ ತಡೆ ಜಾಸ್ತಿಯಾಗುತ್ತದೆ. ಕರೆಂಟ್ ಎಳೆದಷ್ಟೂ ವೋಲ್ಟೇಜ್ ಬೀಳುತ್ತದೆ. ಬಿದ್ದದ್ದನ್ನು ಕಂಡು ಮೋಟಾರಿಗೆ ಕರೆಂಟ್ ಅಳೆದು ಕೊಡುವ ಕಂಟ್ರೋಲರ್ 'ಖಾಲಿ' ಅಂದುಕೊಳ್ಳುತ್ತದೆ. ಪರದೆಯ ಪರ್ಸೆಂಟ್ ಇದನ್ನೆಲ್ಲ ಹೇಳುವುದಿಲ್ಲ.

ಎರಡನ್ನೂ ವೈರ್ ಹಾಕಿ ಜೋಡಿಸಿಬಿಡೋಣ ಅಂದೆ. ಅವರು ಇಕ್ಕಳವನ್ನೇ ನನ್ನ ಕೈಯಿಂದ ಕಿತ್ತುಕೊಂಡರು. ಹೊಸದು ಖಾಲಿಯಾಗಿ 42 ವೋಲ್ಟ್‌ನಲ್ಲಿತ್ತು, ಹಳೆಯದು 47. ನಡುವೆ 5 ವೋಲ್ಟ್ ಅಂತರ. ಎರಡರ ತಡೆಯೂ ಸೇರಿ 0.1 ಓಮ್ ಅಂದುಕೊಂಡರೂ ಮುಟ್ಟಿಸಿದ ಕ್ಷಣದಲ್ಲಿ 50 ಆಂಪಿಯರ್ ಒಂದರಿಂದ ಇನ್ನೊಂದಕ್ಕೆ ನುಗ್ಗುತ್ತದೆ. ಕಿಡಿ ಹಾರುತ್ತದೆ, ವೈರ್ ಕಾಯುತ್ತದೆ, ಪ್ಯಾಕ್ ಕೆಡಬಹುದು. ಒಂದು ತುಂಬಿ 54.6ರಲ್ಲಿದ್ದು ಇನ್ನೊಂದು ಖಾಲಿ ಇದ್ದರಂತೂ ಯೋಚನೆಯೇ ಬೇಡ.

ಹೊಸ ಪ್ಯಾಕನ್ನು ಅವರ ಪ್ಲಗ್‌ಗೆ ಹಾಕಿ ಎರಡೂವರೆ ಗಂಟೆ ಆ ಬೆಂಚಿನ ಮೇಲೆ ಕೂತೆ. ನನ್ನ 6 ಆಂಪಿಯರ್ ಚಾರ್ಜರ್‌ಗೆ ಅಷ್ಟು ಹೊತ್ತಿನಲ್ಲಿ ಅರ್ಧ ತುಂಬಿತು. ಇಡೀ ಪ್ರವಾಸದಲ್ಲಿ ನನಗೆ ಸಿಕ್ಕ ಒಳ್ಳೆಯ ಜಾಗ ಅದೇ. ದೊಡ್ಡ ಚಾರ್ಜಿಂಗ್ ಸ್ಟೇಷನ್ನಿನ ಸರತಿ, ಗಲಾಟೆ ನನಗೆ ಆಗಿಬರುವುದಿಲ್ಲ. ಇಲ್ಲಿ ನೆರಳಿತ್ತು, ಗಾಳಿಯಿತ್ತು, ಯಾರೂ ಅವಸರ ಮಾಡಲಿಲ್ಲ. ಅರ್ಧ ತುಂಬಿದ ಹೊಸ ಪ್ಯಾಕ್ ನನ್ನನ್ನು ಮೇಲಕ್ಕೆ ಹತ್ತಿಸಿತು. ಉಸಿರೂ ಕಟ್ಟಲಿಲ್ಲ.

ಹಾಗಾಗಿ ನಿಮ್ಮದೂ ಸ್ವಿಚ್ ಗಾಡಿಯಾದರೆ ಹಳೆಯ ಪ್ಯಾಕನ್ನು ಸಪಾಟಿನಲ್ಲಿ ಖರ್ಚು ಮಾಡಿ, ಗಟ್ಟಿ ಪ್ಯಾಕನ್ನು ಏರಿಗೆ ಇಟ್ಟುಕೊಳ್ಳಿ. ಏರಿಲ್ಲದ ದಾರಿಯಾದರೆ ಒಂದನ್ನು ಪೂರ್ತಿ ಬತ್ತಿಸುವ ಬದಲು 10-15 ಕಿಲೋಮೀಟರಿಗೊಮ್ಮೆ ಬದಲಿಸಿದರೆ ಎರಡಕ್ಕೂ ತಣ್ಣಗಾಗಲು ಸಮಯ ಸಿಗುತ್ತದೆ. ತೂಕ ಉಳಿಸಲು ಎರಡನೆಯದನ್ನು ಮನೆಯಲ್ಲಿ ಬಿಡುವವರೂ ಇದ್ದಾರೆ. ಬೇಡ. ಗಾಡಿ, ಸವಾರ, ಸಾಮಾನು ಸೇರಿ 220 ಕೆಜಿಯನ್ನು 100 ಮೀಟರ್ ಎತ್ತರಕ್ಕೆ ಎತ್ತಲು ಸುಮಾರು 60 ವ್ಯಾಟ್-ಅವರ್ (ಬ್ಯಾಟರಿಯಲ್ಲಿರುವ ಶಕ್ತಿಯ ಅಳತೆ, ವೋಲ್ಟ್ ಗುಣಿಸು ಆಂಪಿಯರ್-ಅವರ್) ಬೇಕು, ಮೋಟಾರಿನ ನಷ್ಟ ಬೇರೆ. ಅದರಲ್ಲಿ 10 ಕೆಜಿ ಪ್ಯಾಕ್‌ನ ಪಾಲು 3ಕ್ಕಿಂತ ಕಡಿಮೆ. ಅದು ಹೊತ್ತು ತರುವುದೋ ಸಾವಿರಕ್ಕೂ ಜಾಸ್ತಿ.

ಇನ್ನು ರಾತ್ರಿ ತಂಗಲು ಹಿಡಿದ ಕೋಣೆಯ ಕಥೆ. 'ಚಾರ್ಜಿಂಗ್ ವ್ಯವಸ್ಥೆ ಇದೆ' ಅಂತ ಬೋರ್ಡ್ ಹಾಕಿದ್ದರು. ಎರಡು ಪ್ಯಾಕ್ ಹೊತ್ತುಕೊಂಡು ಎರಡು ಮಹಡಿ ಹತ್ತಿ, ಪ್ಲಗ್ ಹಾಕಿ, ಬಾಗಿಲು ತೆರೆಯುವ ಕಾರ್ಡ್ ತೆಗೆದುಕೊಂಡು ಸುತ್ತಾಡಲು ಹೋದೆ. ರಾತ್ರಿ ವಾಪಸ್ ಬಂದರೆ ಚಾರ್ಜ್ ಒಂದು ಚೂರೂ ಏರಿಲ್ಲ. ಬಾಗಿಲ ಹತ್ತಿರದ ಸ್ಲಾಟ್‌ನಲ್ಲಿ ಕಾರ್ಡ್ ಇದ್ದರೆ ಮಾತ್ರ ಪ್ಲಗ್‌ಗೆ ಕರೆಂಟ್! ಕೇಳಿದರೆ "ಎಲ್ಲರಿಗೂ ಗೊತ್ತಿರುತ್ತೆ" ಅಂದರು. ಬುಕ್ ಮಾಡುವಾಗಲೇ ಕೇಳಿ: ನಾನು ಹೊರಗೆ ಹೋದಾಗಲೂ ಪ್ಲಗ್ ಜೀವಂತ ಇರುತ್ತಾ?

ಒಂದೇ ಚಾರ್ಜರ್ ಇದ್ದು ಹೊತ್ತು ಕಡಿಮೆ ಇದ್ದರೆ ಒಂದನ್ನು 100 ಮಾಡುತ್ತಾ ಕೂರಬೇಡಿ. ಕೊನೆಯ 20 ಪರ್ಸೆಂಟ್‌ನಲ್ಲಿ ಕರೆಂಟ್ ಇಳಿಯುತ್ತಾ ಹೋಗುತ್ತದೆ, ಸುಮ್ನೆ ಸಮಯ ತಿನ್ನುತ್ತದೆ. 80ಕ್ಕೆ ತೆಗೆದು ಇನ್ನೊಂದನ್ನು ಹಾಕಿ. ಘಾಟಿ ಹತ್ತಿ ಬಿಸಿಯಾದ ಪ್ಯಾಕನ್ನು ತಣಿಯಲು ಬಿಟ್ಟು ಆಮೇಲೆ ಚಾರ್ಜ್ ಮಾಡಿ. ಹಾಸಿಗೆಯ ಮೇಲಂತೂ ಇಡಬೇಡಿ. ಹಿಮ ಬೀಳುವ ಜಾಗಕ್ಕೆ ಹೋಗುವವರು 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಲೇಬಾರದು, ಒಳಗೆ ಲಿಥಿಯಂ ಲೋಹವಾಗಿ ಕೂತುಬಿಡುತ್ತದೆ.

ಎರಡನೇ, ಮೂರನೇ ದಿನ ಬರೀ ಮಳೆ, ಬರೆಯುವಂಥದ್ದೇನೂ ಇಲ್ಲ.

ವಾಪಸ್ ಬಂದ ಮೇಲೆ ಎರಡನ್ನೂ ಒಟ್ಟಿಗೆ ಓಡಿಸುವ ಕಂಬೈನರ್ ಹಾಕಿಸಿದೆ. ವೋಲ್ಟೇಜ್ ಹೆಚ್ಚಿರುವ ಪ್ಯಾಕ್ ಮೊದಲು ಕೊಡುತ್ತದೆ, ಸಮ ಆದ ಮೇಲೆ ಎರಡೂ ಹಂಚಿಕೊಳ್ಳುತ್ತವೆ. ಒಂದರಿಂದ ಇನ್ನೊಂದಕ್ಕೆ ಕರೆಂಟ್ ಹರಿಯುವುದಿಲ್ಲ. ಒಂದೇ ಥರದ ಎರಡು ಪ್ಯಾಕ್ ಭಾರ ಸಮ ಹಂಚಿಕೊಂಡರೆ ಒಳಗೆ ಬಿಸಿಯಾಗಿ ಪೋಲಾಗುವುದು ಅರ್ಧಕ್ಕಿಳಿಯುತ್ತದೆ. ಒಂದೇ ತೊಂದರೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಕಂಬೈನರ್ ಆದರೆ ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಹುಟ್ಟುವ ಕರೆಂಟ್ ಪ್ಯಾಕ್‌ಗೆ ವಾಪಸ್ ಹೋಗುವುದಿಲ್ಲ, ವೋಲ್ಟೇಜ್ ಏರಿ ಕಂಟ್ರೋಲರ್‌ಗೆ ಪೆಟ್ಟು. ಹಾಕಿಸುವ ಮುಂಚೆ ಇದನ್ನು ವಿಚಾರಿಸಿ, ಇಲ್ಲವಾದರೆ ರೀಜನ್ (ಬ್ರೇಕ್ ಹಾಕಿದಾಗ ಕರೆಂಟ್ ಹುಟ್ಟಿಸುವ ವ್ಯವಸ್ಥೆ) ಆಫ್ ಮಾಡಿಸಿ.

ಸ್ವಿಚ್ ಒತ್ತಿ ಪ್ಯಾಕ್ ಬದಲಿಸುವ ಉಪಾಯ ಎಲ್ಲ ಗಾಡಿಗೂ ನಡೆಯದು. ಹೋಂಡಾದ ಪಿಸಿಎಕ್ಸ್ ಎಲೆಕ್ಟ್ರಿಕ್‌ನಲ್ಲಿ ಎರಡು 48 ವೋಲ್ಟ್ ಪ್ಯಾಕ್ ಸರಣಿಯಲ್ಲಿ, ಅಂದರೆ ಒಂದರ ಬೆನ್ನಿಗೆ ಒಂದು, ಸೇರಿ 96 ವೋಲ್ಟ್ ಆಗುತ್ತದೆ. ಹಾಗೆ ಜೋಡಿಸಿದ ಕಡೆ ಒಂದನ್ನು ಉಳಿಸಿ ಇನ್ನೊಂದರಲ್ಲಿ ಓಡಿಸುವ ಮಾತೇ ಇಲ್ಲ, ಬಡಕಲು ಪ್ಯಾಕ್ ಸೋತಾಗ ಗಾಡಿಯೂ ಸೋತಂತೆ.

ಪ್ಯಾಕ್ ಮಾತ್ರ ವಿಮಾನದಲ್ಲಿ ಒಯ್ದು ಅಲ್ಲಿ ಗಾಡಿ ಬಾಡಿಗೆಗೆ ಹಿಡಿಯೋಣ ಅಂತ ಗೆಳೆಯನೊಬ್ಬ ಹೊರಟಿದ್ದಾನೆ. ಪ್ರಯಾಣಿಕರ ಲಗೇಜಿನಲ್ಲಿ ಬಿಡಿ ಲಿಥಿಯಂ ಬ್ಯಾಟರಿಗೆ ಇರುವ ಮಿತಿ 160 ವ್ಯಾಟ್-ಅವರ್. ನಮ್ಮದು 1,400ರ ಮೇಲೆ.