ಪುಲಿಯಾದಲ್ಲಿ ಸೈಕಲ್ ಪ್ರವಾಸ: ಬಾರಿಯಿಂದ ಓತ್ರಾಂತೊವರೆಗೆ

ಮೆಡಿಟರೇನಿಯನ್ ನಾಡಿನ ಹಳ್ಳಿಗಾಡನ್ನೂ ಹಳೆಯ ಪಟ್ಟಣಗಳನ್ನೂ ಸೈಕಲ್ ತುಳಿದು ನೋಡಬೇಕೆಂದು ಆಸೆಪಡುವವರಿಗೆ ನಾನು ಮೊದಲು ಸೂಚಿಸುವುದು ಇಟಲಿಯ ಆಗ್ನೇಯ ತುದಿಯ ಪುಲಿಯಾ ಪ್ರಾಂತ್ಯವನ್ನು. ಬಾರಿ ನಗರದಿಂದ ಹೊರಟು, ಏಡ್ರಿಯಾಟಿಕ್ ಕರಾವಳಿಯ ಪೊಲಿನ್ಯಾನೊ ಮತ್ತು ಮೊನೊಪೊಲಿಗಳನ್ನು ದಾಟಿ, ಇತ್ರಿಯಾ ಕಣಿವೆಯ ಅಲ್ಬೆರೊಬೆಲ್ಲೊ, ಲೊಕೊರೊತೊಂದೊ, ಚಿಸ್ತೆರ್ನಿನೊಗಳಿಗೆ ಏರಿ, ಮತ್ತೆ ಒಸ್ತೂನಿಯತ್ತ ಇಳಿದು, ಬ್ರಿಂದಿಸಿ ಮತ್ತು ಲೆಚ್ಚೆ ಮಾರ್ಗವಾಗಿ ಓತ್ರಾಂತೊ ಸೇರುವ ಈ ದಾರಿ, ಒಳರಸ್ತೆಗಳ ಸುತ್ತು ಸೇರಿದರೂ ಸುಮಾರು 250 ಕಿ.ಮೀ. ಮಾತ್ರ. ಅಭ್ಯಾಸವಿರುವವರು ಇದನ್ನು ಮೂರು–ನಾಲ್ಕು ದಿನಗಳಲ್ಲಿ ಮುಗಿಸಬಲ್ಲರು. ಆದರೂ ಕನಿಷ್ಠ ಎಂಟು ದಿನ ಇಟ್ಟುಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ.

ಇದಕ್ಕೆ ಕಾರಣ ಅಲ್ಲಿನ ಮಧ್ಯಾಹ್ನ. ಒಂದು ಗಂಟೆಯ ಹೊತ್ತಿಗೆ ಅಂಗಡಿಗಳೂ ಬಹಳಷ್ಟು ಚರ್ಚುಗಳೂ ಮುಚ್ಚಿದರೆ ಮತ್ತೆ ತೆರೆಯುವುದು ನಾಲ್ಕು ಅಥವಾ ಐದರ ನಂತರ. ರಾತ್ರಿ ಊಟ ಏಳೂವರೆಗೆ ಮುಂಚೆ ಸಿಗುವುದು ಅಪರೂಪ. ದಿನಕ್ಕೆ ಎಂಬತ್ತು ಕಿ.ಮೀ. ತುಳಿಯುವ ಲೆಕ್ಕ ಹಾಕಿಕೊಂಡವರು ಪ್ರತಿ ಊರನ್ನೂ ಬಾಗಿಲು ಹಾಕಿದ ಹೊತ್ತಿನಲ್ಲೇ ತಲುಪುತ್ತಾರೆ, ಅದೂ ಬಿಸಿಲು ನೆತ್ತಿಗೇರಿದಾಗ. ಮೂವತ್ತರಿಂದ ನಲವತ್ತು ಕಿ.ಮೀ. ಇಟ್ಟುಕೊಂಡು ಬೆಳಿಗ್ಗೆ ಏಳಕ್ಕೆ ಹೊರಟರೆ, ಹನ್ನೊಂದರೊಳಗೆ ಮುಂದಿನ ಊರು ಸೇರಿ, ಚರ್ಚು ಮತ್ತು ಮಾರುಕಟ್ಟೆ ನೋಡಿ, ಉಂಡು, ಮಧ್ಯಾಹ್ನ ವಿಶ್ರಮಿಸಿ, ಸಂಜೆ ಊರಿನ ಜನರೆಲ್ಲ ಬೀದಿಗಿಳಿಯುವಾಗ ಅವರೊಡನೆ ಅಡ್ಡಾಡಬಹುದು. ಇಲ್ಲಿ ಪಟ್ಟಣಗಳ ನಡುವಿನ ಅಂತರ ಕಡಿಮೆ. ಅಲ್ಬೆರೊಬೆಲ್ಲೊದಿಂದ ಲೊಕೊರೊತೊಂದೊಗೂ ಅಲ್ಲಿಂದ ಚಿಸ್ತೆರ್ನಿನೊಗೂ ಹತ್ತು ಕಿ.ಮೀ. ಆಸುಪಾಸು ಅಷ್ಟೆ. ಆದ್ದರಿಂದ ಈ ಕ್ರಮ ಕಷ್ಟವಲ್ಲ.

ಏಪ್ರಿಲ್‌ ನಡುಭಾಗದಿಂದ ಜೂನ್‌ ಆರಂಭದವರೆಗೆ, ಇಲ್ಲವೇ ಸೆಪ್ಟೆಂಬರ್‌ ಮಧ್ಯದಿಂದ ಅಕ್ಟೋಬರ್‌ವರೆಗೆ ಹೋಗುವುದು ಒಳ್ಳೆಯದು. ಜುಲೈ, ಆಗಸ್ಟ್‌ಗಳಲ್ಲಿ ಉಷ್ಣಾಂಶ 35 ಡಿಗ್ರಿ ದಾಟುವುದು ಸಾಮಾನ್ಯ, ಇಟಲಿಯವರೂ ಆಗಲೇ ಕಡಲತೀರಕ್ಕೆ ಬರುವುದರಿಂದ ಕೋಣೆಗಳು ದುಬಾರಿ. ಗಾಳಿಯನ್ನೂ ಗಮನಿಸಬೇಕು: ಉತ್ತರದಿಂದ ಬೀಸುವ ತ್ರಾಮೊಂತಾನಾ ಬೆನ್ನಿಗಿದ್ದರೆ ಬಾರಿಯಿಂದ ದಕ್ಷಿಣಕ್ಕೆ ಹೋಗುವುದು ಸುಖ, ದಕ್ಷಿಣದ ಬಿಸಿ, ತೇವದ ಶಿರೊಕ್ಕೊ ಎದ್ದ ದಿನ ಅದೇ ದಾರಿ ಎರಡರಷ್ಟು ಉದ್ದವೆನಿಸುತ್ತದೆ.

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವ ವಿಮೆ ಕಡ್ಡಾಯ. ವಿಮೆ ಕೊಳ್ಳುವಾಗ ಸೈಕಲ್ ಸವಾರಿಯ ಅಪಘಾತಗಳು ಅದರ ವ್ಯಾಪ್ತಿಯಲ್ಲಿವೆಯೇ ಎಂಬುದನ್ನು ಓದಿ ಖಚಿತಪಡಿಸಿಕೊಳ್ಳಿ. ಬೆಂಗಳೂರಿನಿಂದ ರೋಮ್‌ವರೆಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ವೇಗದ ರೈಲಿನಲ್ಲಿ ಸುಮಾರು ನಾಲ್ಕು ಗಂಟೆಗಳಲ್ಲಿ ಬಾರಿ ತಲುಪಬಹುದು. ಸೈಕಲ್ಲನ್ನು ಇಲ್ಲಿಂದ ಒಯ್ಯುವ ತಾಪತ್ರಯ ಬೇಡವೆಂಬುದು ನನ್ನ ಅಭಿಪ್ರಾಯ. ಬಾರಿ, ಮೊನೊಪೊಲಿ, ಲೆಚ್ಚೆಗಳಲ್ಲಿ ಬಾಡಿಗೆಗೆ ಒಳ್ಳೆಯ ಸೈಕಲ್ ಸಿಗುತ್ತದೆ, ಒಂದೂರಿನಲ್ಲಿ ಪಡೆದು ಇನ್ನೊಂದೂರಿನಲ್ಲಿ ಒಪ್ಪಿಸುವ ವ್ಯವಸ್ಥೆಯೂ ಇದೆ. ನಿಮ್ಮ ಎತ್ತರವನ್ನು ಸೆಂಟಿಮೀಟರಿನಲ್ಲಿ ಮೊದಲೇ ತಿಳಿಸಿ, 35 ಮಿ.ಮೀ.ಗೆ ಕಡಿಮೆಯಿಲ್ಲದ ಟೈರುಗಳನ್ನೇ ಕೇಳಿ. ಸಪೂರ ಟೈರಿನ ರೇಸಿಂಗ್ ಸೈಕಲ್ ಇಲ್ಲಿನ ಕಲ್ಲುಹಾಸಿನ ಬೀದಿಗೂ ಜಲ್ಲಿದಾರಿಗೂ ಒಗ್ಗುವುದಿಲ್ಲ. ಎರಡು ಟ್ಯೂಬು, ಪಂಪು, ದೀಪ ಜೊತೆಗಿರಲಿ. ಕತ್ತಲಾದ ಮೇಲೆ ಊರ ಹೊರಗೂ, ಸುರಂಗಗಳಲ್ಲಿ ಯಾವ ಹೊತ್ತಿನಲ್ಲೂ, ಬೆಳಕು ಪ್ರತಿಫಲಿಸುವ ಜಾಕೆಟ್ ಧರಿಸಬೇಕೆಂಬುದು ಇಟಲಿಯ ಕಾನೂನು.

ಬಾರಿಯಲ್ಲಿ ಒಂದು ಪೂರ್ತಿ ದಿನ ನಿಲ್ಲಿ. 1087ರಲ್ಲಿ ನಾವಿಕರು ಏಷ್ಯಾ ಮೈನರಿನ (ಇಂದಿನ ಟರ್ಕಿ) ಮೈರಾದಿಂದ ತಂದ ಸಂತ ನಿಕೋಲಾಸರ ಅಸ್ಥಿಗಳಿಗಾಗಿ ಕಟ್ಟಿದ ಬಸಿಲಿಕಾ ಎಂಬ ದೊಡ್ಡ ಚರ್ಚಿಗೆ ಕ್ಯಾಥೊಲಿಕರೂ ಆರ್ಥೊಡಾಕ್ಸ್ ಪಂಥದವರೂ ಯಾತ್ರೆ ಬರುತ್ತಾರೆ. ಹಳೆಯ ಪೇಟೆಯ ಓಣಿಯಲ್ಲಿ ಹೆಂಗಸರು ಮನೆಮುಂದೆ ಮೇಜು ಹಾಕಿಕೊಂಡು ಓರೆಕ್ಕಿಯೆತ್ತೆ ಪಾಸ್ತಾ ಮಾಡುವುದನ್ನು ಹತ್ತಿರದಿಂದ ನೋಡಬೇಕು: ರವೆಹಿಟ್ಟಿನ ಹೊಸೆದ ಎಳೆಯಿಂದ ಚಾಕುವಿನಲ್ಲಿ ತುಂಡು ಕತ್ತರಿಸಿ, ಅದೇ ಅಲಗಿನಿಂದ ಹಲಗೆಯ ಮೇಲೆ ಎಳೆದು, ಹೆಬ್ಬೆರಳಿನ ಮೇಲೆ ಮಗುಚುವುದು ಒಂದೇ ಚಲನೆಯಲ್ಲಿ ಆಗಿಹೋಗುತ್ತದೆ.

ಬಾರಿಯಿಂದ ದಕ್ಷಿಣಕ್ಕೆ ಹೊರಡುವಾಗ 16ನೇ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಗೆ ಹೋಗಲೇಬೇಡಿ. ಅದಕ್ಕೆ ಸಮಾನಾಂತರವಾಗಿ ಸಮುದ್ರದ ಪಕ್ಕದಲ್ಲಿರುವ ಹಳೆಯ ರಸ್ತೆಗಳೂ, ಒಳನಾಡಿನಲ್ಲಿ ‘ಕೊಂತ್ರಾದಾ’ ಎಂಬ ಫಲಕವಿರುವ ತೋಟದ ದಾರಿಗಳೂ ಸೈಕಲ್ಲಿಗೆ ತಕ್ಕವು. ಈ ತೋಟದ ದಾರಿಗಳಲ್ಲಿ ಎರಡೂ ಬದಿಗೆ ಕಲ್ಲುಗೋಡೆಯಿದ್ದು ಒಂದು ಕಾರಿಗಷ್ಟೇ ಜಾಗವಿರುವುದರಿಂದ ತಿರುವುಗಳಲ್ಲಿ ಗಂಟೆ ಬಾರಿಸಿ ನಿಧಾನಿಸಿ. ಇಂಟರ್‌ನೆಟ್ ಇಲ್ಲದಿದ್ದರೂ ತೆರೆಯುವಂತೆ ಮಾರ್ಗದ ನಕ್ಷೆಯನ್ನು ಮೊಬೈಲಿಗೆ ಮೊದಲೇ ಇಳಿಸಿಕೊಳ್ಳುವುದು ಅಗತ್ಯ.

ಇಡೀ ದಾರಿಯ ದೊಡ್ಡ ಏರು ಎಂದರೆ ಮೊನೊಪೊಲಿಯ ಕಡಲಂಚಿನಿಂದ 400 ಮೀಟರು ಎತ್ತರದ ಅಲ್ಬೆರೊಬೆಲ್ಲೊಗೆ ಹತ್ತುವುದು. ಇಷ್ಟಕ್ಕೆ ಅಂಜಬೇಕಿಲ್ಲ, ಬೆಳಿಗ್ಗೆಯೇ ಹತ್ತಿಬಿಟ್ಟರೆ ಆಮೇಲೆ ಕೆಂಪು ಮಣ್ಣಿನ ದ್ರಾಕ್ಷಿತೋಟಗಳ ನಡುವೆ ಅಲೆಯಲೆಯಾದ ನೆಲ ಸಿಗುತ್ತದೆ. ಮೇಲೆ ಮೊದಲು ಕಾಣುವುದು ಟ್ರುಲ್ಲಿ ಮನೆಗಳು, ನಮ್ಮ ಹುಲ್ಲಿನ ಬಣವೆಯ ಆಕಾರದ ಕಲ್ಲಿನ ಮಾಡು ಹೊತ್ತವು. ಹೊಲದಿಂದ ಆಯ್ದ ಸುಣ್ಣದಕಲ್ಲಿನ ಹಲಗೆಗಳನ್ನು ಗಾರೆಯಿಲ್ಲದೆ, ಪ್ರತಿ ಸುತ್ತನ್ನೂ ತುಸು ಒಳಕ್ಕೆ ಸರಿಸುತ್ತ ಜೋಡಿಸಿ ಮಾಡನ್ನು ಮುಚ್ಚಿದ್ದಾರೆ. ಹೊಸ ಊರು ಕಟ್ಟಿದರೆ ಆಗ ಈ ಸೀಮೆಯನ್ನಾಳುತ್ತಿದ್ದ ನೇಪಲ್ಸ್ ರಾಜ್ಯಕ್ಕೆ ಕರ ತೆರಬೇಕಾಗಿದ್ದರಿಂದ, ತನಿಖೆ ಬಂದಾಗ ಬೇಗ ಕೆಡವಿಹಾಕಬಹುದಾದ ಮನೆಗಳನ್ನೇ ಕಟ್ಟುವಂತೆ ಇಲ್ಲಿನ ಜಹಗೀರುದಾರರು ರೈತರಿಗೆ ಹೇಳಿದ್ದರೆಂದು ಪ್ರತೀತಿ. 1797ರಲ್ಲಿ ಊರು ಅವರ ಹಿಡಿತದಿಂದ ಬಿಡುಗಡೆ ಪಡೆಯಿತು, 1996ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹಗಲಿನಲ್ಲಿ ಪ್ರವಾಸಿ ಬಸ್ಸುಗಳು ತುಂಬಿರುವ ಕಾರಣ ಅಲ್ಲೇ ರಾತ್ರಿ ತಂಗಿ, ಬೆಳಗಿನ ಹೊತ್ತು ಅಂಗಡಿಗಳಿಲ್ಲದ ‘ಆಯಾ ಪಿಕ್ಕೊಲಾ’ ಎಂಬ ಕೇರಿಯನ್ನು ನೋಡಿ.

ಚಿಸ್ತೆರ್ನಿನೊದ ಬಳಿ ಸಿಗುವ ನಾಲೆಯ ದಾರಿ ನನಗೆ ಇಡೀ ಪ್ರವಾಸದಲ್ಲೇ ಅತ್ಯಂತ ಪ್ರಿಯವಾದದ್ದು. ಸುಣ್ಣದಕಲ್ಲಿನ ಈ ನೆಲದಲ್ಲಿ ಬಿದ್ದ ಮಳೆಯೆಲ್ಲ ಒಳಗೆ ಇಂಗಿಹೋಗುವುದರಿಂದ ಹೊಳೆಗಳೇ ಇಲ್ಲ. ಆದ್ದರಿಂದ ಪಕ್ಕದ ಕಾಂಪಾನಿಯಾ ಪ್ರಾಂತ್ಯದ ಕಪೊಸೆಲೆಯಲ್ಲಿ ಹುಟ್ಟುವ ಸೆಲೆ ನದಿಯ ನೀರನ್ನು ಅಪೆನ್ನೈನ್ ಬೆಟ್ಟಗಳಡಿ ಸುರಂಗ ಕೊರೆದು ತಂದರು, 1915ರಲ್ಲಿ ಅದು ಬಾರಿ ತಲುಪಿತು. ಆ ನೀರು ಹರಿಯುವ ನಾಲೆಯ ಮೇಲಿನ ನಿರ್ವಹಣಾ ರಸ್ತೆ ಈ ಭಾಗದಲ್ಲಿ ಸೈಕಲ್ ದಾರಿಯಾಗಿದೆ. ನೀರು ತನ್ನ ಭಾರದಿಂದಲೇ ಹರಿಯಬೇಕಾದ್ದರಿಂದ ದಾರಿ ಹೆಚ್ಚುಕಡಿಮೆ ಸಮತಟ್ಟು. ಸಣ್ಣ ಜಲ್ಲಿ, ಓಕ್ ಮರಗಳ ನೆರಳು, ವಾಹನಗಳ ಕಾಟವಿಲ್ಲ. ಊರಿನ ಚೌಕಗಳಲ್ಲಿ ಈ ನಾಲೆಯನ್ನು ನಡೆಸುವ ಸಂಸ್ಥೆಯ ಎರಕದ ಕಬ್ಬಿಣದ ನಲ್ಲಿಗಳಿವೆ, ಆ ನೀರು ಕುಡಿಯಲು ಯೋಗ್ಯ.

ಒಸ್ತೂನಿಯ ಕೆಳಗಿನ ಬಯಲಿನಲ್ಲಿ ಶತಮಾನಗಳಷ್ಟು ಹಳೆಯ ಆಲಿವ್ ಮರಗಳ ನಡುವೆ ಸಾಗುತ್ತೀರಿ. ಅವುಗಳನ್ನು ಕಡಿಯದಂತೆ ಪ್ರಾಂತ್ಯವು 2007ರಲ್ಲಿ ಕಾನೂನು ಮಾಡಿದೆ. ಬ್ರಿಂದಿಸಿ ದಾಟಿ ಲೆಚ್ಚೆಯ ಕಡೆಗೆ ಹೋದಂತೆ ನೋಟ ಬದಲಾಗುತ್ತದೆ. 2013ರಲ್ಲಿ ಪತ್ತೆಯಾದ ಕ್ಸೈಲೆಲ್ಲಾ ಎಂಬ ಬ್ಯಾಕ್ಟೀರಿಯಾ, ರಸ ಹೀರುವ ಕೀಟದ ಮೂಲಕ ಹರಡಿ ಮರದ ನೀರಿನ ನಾಳಗಳನ್ನು ಮುಚ್ಚಿಹಾಕಿ, ಮೈಲಿಗಟ್ಟಲೆ ತೋಟಗಳನ್ನು ಒಣ ಬೊಡ್ಡೆಗಳನ್ನಾಗಿ ಮಾಡಿದೆ. ರೈತರು ರೋಗ ತಾಳಿಕೊಳ್ಳುವ ಲೆಚ್ಚೀನೊ ಮತ್ತು ಫಾವೊಲೋಸಾ ತಳಿಗಳನ್ನು ನೆಡುತ್ತಿದ್ದಾರೆ, ಆದರೆ ಆ ಸಸಿಗಳಿಗೆ ನೆರಳು ಬರಲು ಕಾಲ ಬೇಕು. ಆದ್ದರಿಂದ ಈ ಭಾಗದಲ್ಲಿ ತಲಾ ಮೂರು ಲೀಟರ್ ನೀರು ಹೊತ್ತುಕೊಂಡು, ಹತ್ತರೊಳಗೆ ಹೆಚ್ಚಿನ ದೂರ ಕ್ರಮಿಸಿ.

ಸಸ್ಯಾಹಾರಿಗಳಿಗೆ ಪುಲಿಯಾ ಇಟಲಿಯ ಬೇರೆ ಭಾಗಗಳಿಗಿಂತ ಅನುಕೂಲ. ಒಣ ಫಾವಾ ಕಾಳನ್ನು ಬೇಯಿಸಿ ಮಸೆದು, ಕಹಿ ಚಿಕೋರಿ ಸೊಪ್ಪು ಮತ್ತು ಆಲಿವ್ ಎಣ್ಣೆಯೊಡನೆ ಬಡಿಸುವ ‘ಫಾವೆ ಎ ಚಿಕೋರಿಯೆ’ ಇಲ್ಲಿನ ರೈತರ ನಿತ್ಯದ ಊಟವಾಗಿತ್ತು. ನೀರಿನಲ್ಲಿ ನೆನೆಸಿ ಟೊಮೆಟೊ ಉಜ್ಜಿ ತಿನ್ನುವ ಗಟ್ಟಿ ಫ್ರಿಸೆಲ್ಲೆ ರೊಟ್ಟಿ ಚೀಲದಲ್ಲಿ ಕೆಡದೆ ಇರುತ್ತದೆ. ಸೊಪ್ಪಿನ ಓರೆಕ್ಕಿಯೆತ್ತೆಗೆ ಆಂಚೊವಿ ಮೀನು ಬೆರೆಸುವ ರೂಢಿ ಇರುವುದರಿಂದ ಕೇಳಿಯೇ ತರಿಸಿ. ಗಟ್ಟಿ ಚೀಸ್‌ಗಳಲ್ಲಿ ಕರುವಿನ ಅಥವಾ ಕುರಿಮರಿಯ ಜಠರದಿಂದ ತೆಗೆದ, ಹಾಲು ಹೆಪ್ಪುಗಟ್ಟಿಸುವ ರೆನೆಟ್ ಇರುತ್ತದೆಂಬುದು ಕಟ್ಟುನಿಟ್ಟಿನವರಿಗೆ ತಿಳಿದಿರಲಿ. ಮಾಂಸಾಹಾರಿಗಳು ಚಿಸ್ತೆರ್ನಿನೊದ ಕಸಾಯಿ ಅಂಗಡಿಗಳಲ್ಲಿ ತಾವೇ ಆರಿಸಿದ ಮಾಂಸವನ್ನು ಅಲ್ಲಿಯೇ ಸುಡಿಸಿಕೊಂಡು ತಿನ್ನಬಹುದು.

ಲೆಚ್ಚೆಯಲ್ಲಿ ಎರಡು ರಾತ್ರಿ ಇರಿ. ಅಲ್ಲಿನ ಜೇನುಬಣ್ಣದ ಮೆತ್ತನೆಯ ಕಲ್ಲಿನಲ್ಲಿ ಕೆತ್ತಿದ ಸಾಂತಾ ಕ್ರೋಚೆ ಚರ್ಚಿನ ಮುಂಭಾಗ ಸಂಜೆಯ ಬೆಳಕಿನಲ್ಲಿ ನೋಡುವಂಥದು. ಓತ್ರಾಂತೊಗೆ ಮಾತ್ರ ಬೆಳಿಗ್ಗೆಯೇ ತಲುಪುವುದು ಕಷ್ಟ. ಸಂಜೆ ಕೆಥೆಡ್ರಲ್ ತೆರೆದಾಗ 1163ರಿಂದ 1165ರವರೆಗೆ ಪಾಂತಲೆಯೊನೆ ಎಂಬ ಸನ್ಯಾಸಿ ರೂಪಿಸಿದ, ಇಡೀ ನೆಲವನ್ನು ತುಂಬಿರುವ ಮೊಸಾಯಿಕ್ (ಬಣ್ಣದ ಚೂರುಗಳನ್ನು ಜೋಡಿಸಿದ ಚಿತ್ರ) ನೋಡಿ. ಎರಡು ಆನೆಗಳ ಬೆನ್ನಿನ ಮೇಲೆ ಎದ್ದ ಜೀವವೃಕ್ಷ, ಅದರ ಕೊಂಬೆಗಳಲ್ಲಿ ಹನ್ನೆರಡು ತಿಂಗಳ ಕೃಷಿಕೆಲಸಗಳು, ಅಲೆಕ್ಸಾಂಡರ್, ಆರ್ಥರ್ ದೊರೆ ಎಲ್ಲರೂ ಇದ್ದಾರೆ.

ಹಿಂದಿರುಗಲು ಓತ್ರಾಂತೊದ ಸ್ಥಳೀಯ ರೈಲಿನಲ್ಲಿ ಸೈಕಲ್ಲಿಗೆ ಜಾಗವಿದೆಯೇ ಎಂದು ಮುಂಚಿತವಾಗಿ ವಿಚಾರಿಸಿ. ಇಲ್ಲದಿದ್ದರೆ ಲೆಚ್ಚೆಗೆ ತುಳಿದುಕೊಂಡೇ ಬನ್ನಿ. ಲೆಚ್ಚೆಯಿಂದ ಬಾರಿಗೆ ಸೈಕಲ್ ಚಿಹ್ನೆಯಿರುವ ಪ್ರಾದೇಶಿಕ ರೈಲುಗಳಲ್ಲಿ ಸುಮಾರು ಎರಡು ಗಂಟೆಯಲ್ಲಿ ಬರಬಹುದು. ವೇಗದ ರೈಲುಗಳಲ್ಲಿ ಬಿಚ್ಚಿ ಅಥವಾ ಮಡಚಿ ಚೀಲದಲ್ಲಿ ಹಾಕಿದ ಸೈಕಲ್ಲಿಗೆ ಮಾತ್ರ ಅವಕಾಶ.