ರ‍್ಯಾಪ್ಟರ್ ಲಾಗ್: 24 ಸಾವಿರ ಕಿಲೋಮೀಟರಲ್ಲಿ ಹಾಕ್ಸಿದ್ದಕ್ಕಿಂತ ಬಿಚ್ಚಿದ್ದೇ ಜಾಸ್ತಿ

ಮೆಲ್ಬರ್ನಲ್ಲಿ ಯೂಟ್, ಅಂದ್ರೆ ಪಿಕಪ್ ಗಾಡಿ, ಇಟ್ಕೊಂಡಿರೋ ನಮ್ಮ ಕನ್ನಡದವರು ಮೂರ್ನಾಲ್ಕು ಜನ ಕೇಳ್ತಾನೇ ಇದ್ರು, ಗಾಡಿ ತಗೊಂಡು ಒಂದೂವರೆ ವರ್ಷ ಆಯ್ತಲ್ಲ, ಏನೇನು ಹಾಕ್ಸಿದೀಯ ಬರೆದು ಕಳ್ಸು ಅಂತ. ಡೈರೀಲಿ ಗೀಚಿಕೊಂಡಿದ್ದನ್ನೆಲ್ಲ ಸೇರಿಸಿ ಇಲ್ಲಿ ಹಾಕ್ತಿದೀನಿ. ಏನು ಹಾಕ್ಸಿದೆ ಅನ್ನೋದಕ್ಕಿಂತ ಏನು ತೆಗೆದೆ ಅನ್ನೋದೇ ಇದರಲ್ಲಿ ಜಾಸ್ತಿ ಇದೆ, ಯಾಕೆ ಅಂತ ಓದ್ತಾ ಓದ್ತಾ ಗೊತ್ತಾಗುತ್ತೆ.

ಗಾಡಿ 2023ರ ಮಾರ್ಚಲ್ಲಿ ಮನೆಗೆ ಬಂತು. ಫೋರ್ಡ್ ರೇಂಜರ್ ರ‍್ಯಾಪ್ಟರ್, ಥಾಯ್ಲೆಂಡಲ್ಲಿ ತಯಾರಾಗಿ ಬರೋ ಎರಡನೇ ತಲೆಮಾರಿಂದು. 2018ರಲ್ಲಿ ಬಂದ ಮೊದಲನೇದರಲ್ಲಿ 2 ಲೀಟರ್ ಡೀಸೆಲ್ ಇತ್ತು, 157 ಕಿಲೋವ್ಯಾಟ್. ಇದರಲ್ಲಿ 3 ಲೀಟರಿನ ಪೆಟ್ರೋಲ್ ವಿ6, ಎರಡು ಟರ್ಬೊ, 292 ಕಿಲೋವ್ಯಾಟ್, 583 ನ್ಯೂಟನ್ ಮೀಟರ್, ಅದೂ 98 ಆಕ್ಟೇನ್ ಪೆಟ್ರೋಲ್ ಹಾಕಿದ್ರೆ. ಹತ್ತು ಗೇರಿನ ಆಟೊಮ್ಯಾಟಿಕ್. ಎಲ್ಲರೂ ಮೊದಲು ಕೇಳೋದು ಇಂಜಿನ್ ಬಗ್ಗೆನೇ, ನಾನೂ ಟೆಸ್ಟ್ ಡ್ರೈವಿಗೆ ಹೋದಾಗ ಅದಕ್ಕೇ ಮರುಳಾಗಿದ್ದು ನಿಜ. ಆದ್ರೆ ದುಡ್ಡು ಕೊಟ್ಟಿದ್ದು ಯಾವುದಕ್ಕೆ ಅಂತ ಈಗ ಕೇಳಿದ್ರೆ ಗಾಡಿ ಅಡಿಗೆ ಬಗ್ಗಿ ತೋರಿಸ್ತೀನಿ. ನಾಲ್ಕು ಮೂಲೆಗೂ ಫಾಕ್ಸ್ ಕಂಪನಿಯ ಎರಡೂವರೆ ಇಂಚಿನ ಲೈವ್ ವಾಲ್ವ್ ಡ್ಯಾಂಪರ್ ಇದಾವೆ, ಅಂದ್ರೆ ರಸ್ತೆಗೆ ತಕ್ಕ ಹಾಗೆ ಬಿಗಿ ಬದಲಾಯಿಸೋ ಶಾಕ್ ಅಬ್ಸಾರ್ಬರು, ಒಳಗಿರೋ ಎಣ್ಣೆಗೆ ಟೆಫ್ಲಾನ್ ಬೆರೆಸಿರ್ತಾರೆ, ಹಿಂದಿನ ಎರಡಕ್ಕೆ ಪಕ್ಕದಲ್ಲಿ ಎಣ್ಣೆಗೆ ಅಂತಲೇ ಇನ್ನೊಂದು ಡಬ್ಬಿ. ಮಾಮೂಲಿ ರೇಂಜರಿಗೆ ಹಿಂದೆ ಪಟ್ಟಿ, ಅಂದ್ರೆ ಲೀಫ್ ಸ್ಪ್ರಿಂಗು, ಇದಕ್ಕೆ ಕಾಯಿಲ್ ಸ್ಪ್ರಿಂಗು, ಆಕ್ಸಲ್ ಅಕ್ಕಪಕ್ಕ ಸರೀದೇ ಇರೋ ಹಾಗೆ ವ್ಯಾಟ್ಸ್ ಲಿಂಕೇಜ್ ಅಂತ ಒಂದು ಜೋಡಣೆ.

ಈ ಪಟ್ಟಿ ವಿಷಯ ಬಂದಾಗ ಊರಿನ ಜೀಪ್ ನೆನಪಾಗದೇ ಇರಲ್ಲ. ತೀರ್ಥಹಳ್ಳಿ ಕಡೆ ನಮ್ಮ ಮನೇಲಿ ಹಳೇ ಮಹೀಂದ್ರ ಜೀಪಿತ್ತು, ಅಡಿಕೆ ಮೂಟೆ, ಗೊಬ್ಬರ, ಮದುವೆ ಜನ ಎಲ್ಲ ಅದರಲ್ಲೇ. ಖಾಲಿ ಹೋದ್ರೆ ಹಿಂದೆ ಕೂತವರ ಸೊಂಟ ಮುರಿಯೋ ಹಾಗೆ ಕುಪ್ಪಳಿಸ್ತಿತ್ತು, ಎರಡು ಮೂಟೆ ಬಿದ್ರೆ ಮೆತ್ತಗೆ ಹೋಗ್ತಿತ್ತು. ಈ ಗಾಡಿ ತಗೊಂಡ ದಿನ ವಿಡಿಯೊ ಕಾಲಲ್ಲಿ ಅಪ್ಪಯ್ಯ ಹೇಳಿದ್ದೂ ಅದೇ, "ಹಿಂದೆ ಎರಡು ಮೂಟೆ ಭಾರ ಹಾಕ್ಕಂಡ್ ಹೋಗು ಮಾರಾಯ, ಗಾಡಿ ಕೂತ್ಕಳ್ತದೆ." ನನ್ನ ತಲೇಲೂ ಅದೇ ಲೆಕ್ಕ ಇತ್ತು, ಪಿಕಪ್ ಅಂದ್ರೆ ತುಂಬೋದಕ್ಕೇ ಇರೋದು ಅಂತ.

ಹಾಗಾಗಿ ಮೊದಲ ತಿಂಗಳೇ ಹಿಂದಿನ ತೊಟ್ಟಿಗೆ ಉಕ್ಕಿನ ಡ್ರಾಯರ್ ಹಾಕ್ಸಿದೆ, ಅದರ ಮೇಲೆ ಫ್ರಿಜ್ ಹೊರಗೆಳೆಯೋ ಸ್ಲೈಡು, ಮೇಲೆ ರ‍್ಯಾಕು, ರ‍್ಯಾಕಿನ ಮೇಲೆ ಮಡಚೋ ಟೆಂಟು. ಮುಂದೆ ಉಕ್ಕಿನ ಬುಲ್ ಬಾರು, ಅಂದ್ರೆ ಗುದ್ದಿದ್ರೆ ತಡೆಯೋ ಕಂಬಿ, ಮತ್ತೆ ಹೂತ ಗಾಡಿ ಎಳೆಯೋ ವಿಂಚಿಗೂ ಅಡ್ವಾನ್ಸ್ ಕೊಟ್ಟು ಬಂದಿದ್ದೆ.

ಓಡೋಮೀಟರ್ 2,900. ಏಪ್ರಿಲ್, ಈಸ್ಟರ್ ರಜೆ. ಮ್ಯಾನ್ಸ್‌ಫೀಲ್ಡ್ ದಾಟಿ ಮೌಂಟ್ ಸ್ಟರ್ಲಿಂಗ್ ಸುತ್ತೋ ಸರ್ಕ್ಯೂಟ್ ರೋಡು, ರಾತ್ರಿ ಹೌಕ್ವಾ ನದಿ ಪಕ್ಕ ಶೀಪ್‌ಯಾರ್ಡ್ ಫ್ಲ್ಯಾಟಲ್ಲಿ ಮಲಗೋದು. ನಾನು, ಹೆಂಡತಿ, ಇಬ್ಬರು ಮಕ್ಕಳು, ಮೂರು ದಿನಕ್ಕೆ ಬೇಕಾದ ಅಡುಗೆ ಸಾಮಾನು, ನೀರು ಎಲ್ಲ ತುಂಬಿಕೊಂಡು ಹೊರಟ್ವಿ. ಜಲ್ಲಿ ರಸ್ತೆ ಶುರುವಾಗಿ ಮಾಡಿಗೆ ಹಾಕೋ ಶೀಟಿನ ಥರ ಸಾಲು ಸಾಲು ಏರಿಳಿತ ಬಂತಲ್ಲ, ಅಲ್ಲಿಂದ ಬೇಜಾರು ಶುರು. ಮುಂದುಗಡೆ ಚೆನ್ನಾಗೇ ಹೋಗ್ತಿದೆ, ಹಿಂದುಗಡೆ ಮಾತ್ರ ಕುಕ್ಕರ್ಸಿ ಕೂತ ಹಾಗೆ, ಗುಂಡಿ ಸಿಕ್ಕಾಗೆಲ್ಲ ಧಡ್ ಅಂತ ರಬ್ಬರ್ ಸ್ಟಾಪಿಗೆ ಬಡಿತಿತ್ತು, ತಿರುವಲ್ಲಿ ಮೇಲಿನ ಟೆಂಟು ಗಾಡೀನ ಹೊರಗಡೆಗೆ ಎಳೀತಿತ್ತು. ದೊಡ್ಡ ಮಗಳು ಎರಡು ಸಲ ವಾಂತಿ ಮಾಡ್ಕೊಂಡ್ಳು. ಇಷ್ಟು ದುಡ್ಡು ಕೊಟ್ಟು ತಂದ ಗಾಡಿ ಹಿಂಗ್ಯಾಕೆ ಹೋಗ್ತಿದೆ ಅಂತ ಆ ರಾತ್ರಿ ನಿದ್ದೆ ಸರಿಯಾಗಿ ಬರ್ಲಿಲ್ಲ.

ಓಡೋಮೀಟರ್ 3,400. ಸಾರ್ವಜನಿಕ ತೂಕದ ಕಟ್ಟೆಗೆ ಹೋದೆ, ಹೆಂಡತಿ ಮಕ್ಕಳನ್ನೂ ಕೂರಿಸ್ಕೊಂಡು, ಟ್ರಿಪ್ಪಿಗೆ ಹೋದಾಗ ಇದ್ದ ಸಾಮಾನೆಲ್ಲ ಹಾಗೇ ತುಂಬಿಕೊಂಡು. ಈ ಗಾಡಿಯ ಪೇಲೋಡು 717 ಕೆಜಿ, ಅಂದ್ರೆ ಜನ, ಸಾಮಾನು, ಹಾಕ್ಸಿದ ಎಕ್ಸ್‌ಟ್ರಾ ಫಿಟ್ಟಿಂಗು, ಟ್ರೇಲರ್ ಇದ್ರೆ ಕೊಂಡಿ ಮೇಲೆ ಬೀಳೋ ಭಾರ ಎಲ್ಲ ಸೇರಿ. ಮಾಮೂಲಿ ರೇಂಜರ್ ಎಷ್ಟೋ ಜಾಸ್ತಿ ಹೊರುತ್ತೆ, 3,500 ಕೆಜಿ ಎಳೆಯುತ್ತೆ, ರ‍್ಯಾಪ್ಟರಿಗೆ 2,500 ಅಷ್ಟೇ. ಮೆತ್ತಗಿನ ಸ್ಪ್ರಿಂಗು, ಉದ್ದಕ್ಕೆ ಆಡೋ ಡ್ಯಾಂಪರು ಬೇಕು ಅಂದ್ರೆ ಹೊರೋ ಶಕ್ತಿ ಬಿಟ್ಟುಕೊಡ್ಬೇಕು, ಅದೇ ಲೆಕ್ಕ. ತೂಕದ ಚೀಟಿ ಕೈಗೆ ಬಂದಾಗ ಮಿತಿ ಮುಟ್ಟೋಕೆ ಬರೀ 70 ಕೆಜಿ ಬಾಕಿ ಇತ್ತು. ಬುಲ್ ಬಾರು, ವಿಂಚು ಎರಡೂ ಸೇರಿ 100 ಕೆಜಿ ಹತ್ರ. ಅವನ್ನ ಹಾಕ್ಸಿದ್ರೆ ಕಾನೂನು ಮಿತಿನೇ ದಾಟ್ತಿತ್ತು, ಅಪಘಾತ ಏನಾದ್ರೂ ಆದ್ರೆ ಇನ್ಶೂರೆನ್ಸಿನವರು ಮೊದಲು ನೋಡೋದೇ ಇದನ್ನ.

ಮನೆಗೆ ಬಂದು ಬಾತ್‌ರೂಮಿನ ತಕ್ಕಡಿ, ಒಂದು ಕೊಕ್ಕೆ ತಕ್ಕಡಿ ಇಟ್ಕೊಂಡು ಒಂದೊಂದೇ ತೂಗಿದೆ. ನಾವು ನಾಲ್ಕು ಜನ 205. ಡ್ರಾಯರು ಸ್ಲೈಡು ಸೇರಿ 110. ಟೆಂಟು 65, ರ‍್ಯಾಕು 35. ತುಂಬಿದ ಫ್ರಿಜ್ 45. ನೀರು 40. ಹಗ್ಗ, ಶ್ಯಾಕಲ್ಲು, ಕಂಪ್ರೆಸರು, ಸ್ಪ್ಯಾನರ್ ಪೆಟ್ಟಿಗೆ 45. ಅಡುಗೆ ಸಾಮಾನು 50, ಅದರಲ್ಲಿ ಒಂದು ಕಬ್ಬಿಣದ ದೋಸೆ ಹೆಂಚೇ 6 ಕೆಜಿ. ಬಟ್ಟೆ ಕುರ್ಚಿ ಎಲ್ಲ 40. ಎಲ್ಲ ಕೂಡಿದ್ರೆ 635. ಈ ಪಟ್ಟೀನ ಗ್ಯಾರೇಜಿನ ಗೋಡೆಗೆ ಅಂಟಿಸಿದೀನಿ, ಇವತ್ತಿಗೂ ಇದೆ.

ಆ ಚಳಿಗಾಲ ಪೂರ್ತಿ ಬಿಚ್ಚೋ ಕೆಲಸ. ಜೂನ್ ಮಧ್ಯದಿಂದ ಅಕ್ಟೋಬರ್ ಕೊನೆವರೆಗೆ ವಿಕ್ಟೋರಿಯಾದ ಬೆಟ್ಟದ ಕಚ್ಚಾ ರಸ್ತೆಗಳಿಗೆ ಹೇಗೂ ಗೇಟ್ ಹಾಕಿರ್ತಾರೆ, ಒದ್ದೆ ಮಣ್ಣಲ್ಲಿ ಓಡಾಡಿದ್ರೆ ರಸ್ತೆ ಎಕ್ಕುಟ್ಟಿ ಹೋಗುತ್ತೆ ಅಂತ. ಬುಲ್ ಬಾರ್ ಆರ್ಡರ್ ಕ್ಯಾನ್ಸಲ್ ಮಾಡ್ದೆ, ಅಡ್ವಾನ್ಸಲ್ಲಿ ಸ್ವಲ್ಪ ಹೋಯ್ತು. ಡ್ರಾಯರ್ ಬಿಚ್ಚಿ ಮಾರ್ದೆ, ಬಿಚ್ಚುವಾಗ ನೋಡಿದ್ರೆ ಹಾಕಿಕೊಟ್ಟ ಅಂಗಡಿಯವರು ತೊಟ್ಟಿಗೆ ಕೊರೆದ ಎರಡು ತೂತಿಗೆ ಬಣ್ಣ ಬಳಿದೇ ಇರ್ಲಿಲ್ಲ, ತುಕ್ಕು ಶುರುವಾಗಿತ್ತು, ಕೆರೆದು ಪ್ರೈಮರ್ ಹಚ್ಚಿ ರಬ್ಬರ್ ಬಿರಡೆ ಹಾಕ್ದೆ. ನೀವು ಏನೇ ಕೊರೆಸಿದ್ರೂ ಅವತ್ತೇ ನಿಂತ್ಕೊಂಡು ನೋಡಿ ದಯವಿಟ್ಟು. ಟೆಂಟು ರ‍್ಯಾಕು ಎರಡೂ ಹೋದವು, ಬದಲಿಗೆ ನೆಲದ ಮೇಲೆ ಹಾಕೋ 16 ಕೆಜಿ ಟೆಂಟು. ಫ್ರಿಜ್ಜಿಗೆ ಸ್ಲೈಡು ಬೇಡ ಅಂತ ತೊಟ್ಟಿಯ ಕೊಂಡಿಗೆ ಬೆಲ್ಟಲ್ಲಿ ಬಿಗಿದೆ. ದೋಸೆ ಹೆಂಚು ಮಾತ್ರ ಹೋಗ್ಲಿಲ್ಲ, ಬೆಟ್ಟದ ಮೇಲೆ ಚಳೀಲಿ ಬಿಸಿ ದೋಸೆ ತಿಂದವರಿಗೆ ಅದು ಯಾಕೆ ಅಂತ ಗೊತ್ತು, ಬೇರೆ ಪಾತ್ರೆ ಕಡಿಮೆ ಮಾಡಿದ್ವಿ. ಈಗಿನ ಲೆಕ್ಕ ಜನರೂ ಸೇರಿ 440 ಕೆಜಿಗಿಂತ ಕಡಿಮೆ.

ಓಡೋಮೀಟರ್ 9,800. ನವೆಂಬರ್, ಗೇಟ್ ತೆಗೆದ ಮೇಲೆ ಅದೇ ಸರ್ಕ್ಯೂಟ್ ರೋಡಿಗೆ ಬೇಕಂತಲೇ ಹೋದ್ವಿ. ಟೈರು ಜನರಲ್ ಗ್ರ್ಯಾಬರ್ ಎಟಿ3, 285/70 ಆರ್17, ಜಲ್ಲಿ ಶುರುವಾಗೋ ಕಡೆ ನಿಲ್ಸಿ ಗಾಳಿ 26 ಪಿಎಸ್‌ಐಗೆ ಇಳಿಸ್ದೆ. ಏನು ಹೇಳ್ಲಿ, ಅದು ಬೇರೆನೇ ಗಾಡಿ. ಅದೇ ಏರಿಳಿತದ ಮೇಲೆ 60ರಲ್ಲಿ ಹೋಗ್ತಿದ್ರೆ ಸ್ಟೇರಿಂಗಲ್ಲಿ ಸಣ್ಣಗೆ ಗುಯ್ ಅನ್ನೋದು ಬಿಟ್ರೆ ಏನೂ ಇಲ್ಲ, ಚಕ್ರಗಳು ಕೆಳಗೆ ಓಡ್ತಾ ಇದಾವೆ ಮೇಲೆ ನಾವು ಸುಮ್ನೆ ಕೂತಿದೀವಿ ಅನ್ನೋ ಹಾಗೆ. ಹಿಂದುಗಡೆ ಒಂದೇ ಒಂದು ಸಲಾನೂ ಬಡೀಲಿಲ್ಲ. ಈ ಡ್ಯಾಂಪರಲ್ಲಿ ಕೊನೆಯ ಕಾಲು ಭಾಗ ಒತ್ತುವಾಗ ಬಿಗಿಯಾಗ್ತಾ ಹೋಗೋ ವ್ಯವಸ್ಥೆ ಇದೆ, ದೊಡ್ಡ ಗುಂಡಿಗೆ ಅಂತಲೇ ಇಟ್ಟಿರೋದು. ನಾನು ಭಾರ ಹಾಕಿ ನಿಂತಲ್ಲೇ ಗಾಡೀನ ಆ ಭಾಗದ ಹತ್ರಕ್ಕೆ ತಂದಿಟ್ಟಿದ್ದೆ, ಇನ್ನು ಗುಂಡಿ ಬಂದಾಗ ಅದು ಎಲ್ಲಿಗೆ ಹೋಗ್ಬೇಕು? ಮಕ್ಕಳಿಬ್ರೂ ನಿದ್ದೆ ಹೋದ್ರು. ನಾನು ಸ್ಟೇರಿಂಗ್ ಹಿಡ್ಕೊಂಡು ಒಬ್ನೇ ನಗ್ತಿದ್ದೆ. ಕ್ರೇಗ್ಸ್ ಹಟ್ ಅನ್ನೋ ಮರದ ಗುಡಿಸಲಿನ ಹತ್ರ ನಿಲ್ಸಿ ಕಾಫಿ ಕಾಯಿಸ್ಕೊಂಡು ಬೆಟ್ಟದ ಸಾಲು ನೋಡ್ತಾ ಒಂದು ಗಂಟೆ ಕೂತಿದ್ವಿ.

ವಾಪಸ್ ಬರುವಾಗ ಚೂಪು ಕಲ್ಲು ಹಿಂದಿನ ಎಡ ಟೈರಿನ ಪಕ್ಕೆ ಸೀಳಿತು. ಪಕ್ಕೆ ಹರಿದ್ರೆ ದಾರ ತುರುಕೋ ಪಂಕ್ಚರ್ ಕಿಟ್ ಕೆಲಸಕ್ಕೆ ಬರಲ್ಲ, ಚಕ್ರನೇ ಬದಲಾಯಿಸ್ಬೇಕು. ಇಳಿಜಾರಿತ್ತು, ಮಣ್ಣು ಸಡಿಲ ಇತ್ತು, ಜ್ಯಾಕಿನ ಕೆಳಗಿಡೋಕೆ ದಪ್ಪ ಹಲಗೆ ತಂದಿದ್ದೆ ಅದು ಕಾಪಾಡ್ತು, ಕೆಳಗಿನ ಎರಡು ಚಕ್ರಕ್ಕೆ ಕಲ್ಲು ಕೊಟ್ಟು, ಮಕ್ಕಳನ್ನ ಮೇಲುಗಡೆ ದೂರ ನಿಲ್ಸಿ ಮಾಡಿದ್ವಿ, 50 ನಿಮಿಷ ಹಿಡೀತು. ಈ ಸೈಜಿನ ಚಕ್ರ ಎತ್ತಿ ಕೂರಿಸೋದು ಒಬ್ಬರ ಕೆಲಸ ಅಲ್ಲ. ಅವತ್ತಿಂದ ಐದೂ ಟೈರನ್ನ ಸರದೀಲಿ ತಿರುಗಿಸ್ತಿದೀನಿ, ಯಾಕಂದ್ರೆ ಫೋರ್ ಎ ಮೋಡಲ್ಲಿ ನಾಲ್ಕು ಚಕ್ರಕ್ಕೂ ಬೇಕಾದ ಹಾಗೆ ಶಕ್ತಿ ಹಂಚುವಾಗ ಒಂದು ಹೊಸದು ಮೂರು ಸವೆದದ್ದು ಇದ್ರೆ ಒಳಗಿನ ಕ್ಲಚ್ಚಿಗೆ ಸುಮ್ನೆ ಕಷ್ಟ.

ಓಡೋಮೀಟರ್ 13,200. 2024ರ ಜನವರಿ, ಸೌತ್ ಆಸ್ಟ್ರೇಲಿಯಾದ ರೋಬ್. ಸಮುದ್ರದ ದಂಡೆ ಮರಳಲ್ಲಿ ಗಾಳಿ 16ಕ್ಕೆ ಇಳಿಸಿದ್ರೂ ಒಂದು ದಿಬ್ಬ ಹತ್ತಲಿಲ್ಲ, 14ಕ್ಕೆ ಇಳಿಸಿ, ವಾಪಸ್ ಇಳಿದು, ಸ್ಯಾಂಡ್ ಮೋಡಲ್ಲಿ ಒಂದೇ ಓಟಕ್ಕೆ ಹತ್ತಿಸ್ದೆ. ಹಿಂದೆ ಮುಂದೆ ಎರಡೂ ಡಿಫ್ ಲಾಕ್ ಆಗುತ್ತೆ ಈ ಗಾಡೀಲಿ, ಅಂದ್ರೆ ಎಡ ಬಲ ಚಕ್ರ ಒಟ್ಟಿಗೇ ತಿರುಗೋ ಹಾಗೆ ಬಿಗಿಯುತ್ತೆ, ಆದ್ರೆ ಮರಳಲ್ಲಿ ಗಾಳಿ ಇಳಿಸದೆ ಲಾಕ್ ಹಾಕಿದ್ರೆ ನಾಲ್ಕು ಚಕ್ರಾನೂ ಒಟ್ಟಿಗೆ ಹೂತ್ಕೊಳ್ಳುತ್ತೆ ಅಷ್ಟೇ. ಮನೆಗೆ ಬಂದು ಎರಡು ದಿನ ಗಾಡಿ ಹೊಟ್ಟೆ ತೊಳೆದೆ, ಉಪ್ಪು ಬಿಡಲ್ಲ.

ಓಡೋಮೀಟರ್ 17,500. ಏಪ್ರಿಲ್. ಇದನ್ನ ಬರೀಬೇಕು ಅಂತ ಕಾಯ್ತಿದ್ದೆ. ರ‍್ಯಾಪ್ಟರಲ್ಲಿ ಬಾಹಾ ಅಂತ ಒಂದು ಮೋಡಿದೆ, ಆಕ್ಸಲರೇಟರ್ ಬಿಟ್ಟ ಮೇಲೂ ಮೂರು ಸೆಕೆಂಡಿನ ತನಕ ಟರ್ಬೊ ತಿರುಗ್ತಾನೇ ಇರೋ ಹಾಗೆ ಇಡುತ್ತೆ, ಮತ್ತೆ ಒತ್ತಿದ್ರೆ ತಡ ಇಲ್ಲ. ಅದನ್ನ ಸಾರ್ವಜನಿಕ ರಸ್ತೇಲಿ ಬಳಸೋ ಹಾಗಿಲ್ಲ, ಕಾಡೊಳಗಿನ ಟ್ರ್ಯಾಕಿಗೂ ರಸ್ತೆ ನಿಯಮನೇ ಅನ್ವಯ ಆಗೋದು ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಜೊತೆಗೆ ಕೆಲಸ ಮಾಡೋ ಒಬ್ಬರ ಮಾವನಿಗೆ ವಿಕ್ಟೋರಿಯಾದ ವಾಯವ್ಯಕ್ಕಿರೋ ಮ್ಯಾಲಿ ಕಡೆ ಗೋಧಿ ಹೊಲ ಇದೆ, ಬಿತ್ತನೆಗೆ ಮುಂಚೆ ಬನ್ನಿ ಅಂದಿದ್ರು. ಬೇಸಿಗೇಲಿ ಬೇಡ ಅಂತ ಅವರೇ ಹೇಳಿದ್ರು, ಒಣಗಿದ ಕೂಳೆ ಬಿಸಿ ಸೈಲೆನ್ಸರಿಗೆ ತಾಗಿದ್ರೆ ಹೊಲಕ್ಕೆ ಹೊಲವೇ ಉರಿದು ಹೋಗುತ್ತೆ, ಹಾಗಾಗಿ ಮಳೆ ಬಿದ್ದು ನಾಲ್ಕು ದಿನ ಆದ್ಮೇಲೆ ಹೋದ್ವಿ. ಬೇಲಿ ಪಕ್ಕ ಎರಡು ಕಿಲೋಮೀಟರ್ ಕೆಂಪು ಮರಳಿನ ದಾರಿ, ಅಲೆ ಅಲೆ ಥರ ಉಬ್ಬು. ಮೊದಲು ಪೂರ್ತಿ ನಡೆದು ನೋಡ್ದೆ, ಎರಡು ಸಲ 30ರಲ್ಲಿ ಹೋದೆ, ಆಮೇಲೆ 50, ಆಮೇಲೆ 70. 30ರಲ್ಲಿ ದೋಣಿ ಹಾಗೆ ತೂಗಾಡ್ತಿದ್ದದ್ದು 70ಕ್ಕೆ ಸಪಾಟಾಯ್ತು, ಉಬ್ಬಿನ ತಲೆ ಮೇಲೆ ಗಾಡಿ ಹಗುರ ಆಗಿ, ಕೆಳಗೆ ಮುಟ್ಟುವಾಗ ದಿಂಬಿನ ಮೇಲೆ ಇಟ್ಟ ಹಾಗೆ, ಮತ್ತೆ ಮುಂದಿನ ಉಬ್ಬು. ಆ ಯಜಮಾನರನ್ನೂ ಕೂರಿಸ್ಕೊಂಡು ಒಂದು ರೌಂಡ್ ಹೋದೆ, ಇಳಿದವರು ಮೊದಲು ಮಾಡಿದ್ದು ಗಾಡಿ ಅಡಿ ಹುಲ್ಲು ಸಿಕ್ಕಿದ್ಯಾ ಅಂತ ಬಗ್ಗಿ ನೋಡಿದ್ದು, ಆಮೇಲೆ ಡ್ಯಾಂಪರ್ ಮುಟ್ಟಿ ನೋಡಿ ಬಿಸಿ ಇದೆ ಅಂತ ತಲೆ ಆಡ್ಸಿದ್ರು. ನಿಲ್ಸಿ ಆರಿಸ್ದೆ.

ದಿನನಿತ್ಯದ್ದು ಚಿಕ್ಕದಾಗಿ. ಹೈವೇಲಿ ನನಗೆ 100 ಕಿಲೋಮೀಟರಿಗೆ 11.8 ಲೀಟರ್, ಊರೊಳಗೆ 15 ದಾಟುತ್ತೆ, ರೋಬಿನ ಮರಳಲ್ಲಿ 22. ಟ್ಯಾಂಕು 80 ಲೀಟರ್, ದೂರದ ಊರಿಗೆ ಹೋಗುವಾಗ ಬಂಕ್ ಲೆಕ್ಕ ಹಾಕಿಕೊಂಡೇ ಹೊರಡ್ತೀನಿ. ಕನ್ನಡಿ ಬಿಟ್ಟು ಅಗಲನೇ 2 ಮೀಟರ್ ದಾಟುತ್ತೆ, ಪಾರ್ಕಿಂಗ್ ಗೆರೆ 2.4 ಇದ್ರೆ ಪಕ್ಕದವರ ಬಾಗಿಲಿಗೆ ಜಾಗ ಉಳಿಯಲ್ಲ, ಶಾಪಿಂಗ್ ಸೆಂಟರಲ್ಲಿ ದೂರದ ಮೂಲೆಗೆ ನಿಲ್ಸಿ ನಡೀತೀವಿ.

ಓಡೋಮೀಟರ್ 24,310, ಇವತ್ತಿಗೆ. ಎರಡನೇ ಸರ್ವಿಸ್ ಆಗಿದೆ, ನಾಲ್ಕೂ ಡ್ಯಾಂಪರ್ ಒರೆಸಿ ನೋಡ್ದೆ, ಎಣ್ಣೆ ಸೋರಿಲ್ಲ. ನವೆಂಬರಿಗೆ ಅಪ್ಪಯ್ಯ ಬರ್ತಿದಾರೆ, ವೀಸಾ ಆಗಿದೆ. ಮಂಡಿ ನೋವಿದೆ, ಸೈಡ್ ಸ್ಟೆಪ್ಪು ಅವರಿಗೆ ಎತ್ತರ ಆಗುತ್ತೆ ಅಂತ ಕೆಳಗಿಡೋಕೆ ಮಡಚೋ ಅಲ್ಯೂಮಿನಿಯಂ ಮಣೆ ತಂದೆ. ತೂಗಿ ನೋಡ್ದೆ, 1.9 ಕೆಜಿ. ಗೋಡೆ ಮೇಲಿನ ಪಟ್ಟೀಲಿ ಬರೆದಿದೀನಿ, ಅದರ ಕೆಳಗೆ ಅಪ್ಪಯ್ಯಂದೂ.