ಹದಿನಾಲ್ಕು ಅಡಿಕೆ: ಸಂಧಿವಾತದವರಲ್ಲಿ ಖಿನ್ನತೆಯ ಪ್ರಶ್ನಾವಳಿ ಪರೀಕ್ಷಿಸುವ ಕೆಲಸ ಎಲ್ಲಿಗೆ ಬಂತು

ನಿದ್ದೆಗೆ 3, ಸುಸ್ತಿಗೆ 3, ಹಸಿವಿಗೆ 2, ಓಡಾಟ ನಿಧಾನವಾಗಿದ್ದಕ್ಕೆ 2. ಕೂಡಿದರೆ 10.

ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 10 ಬಂದರೆ ಖಿನ್ನತೆ ಇರಬಹುದು, ಕೂರಿಸಿ ಸರಿಯಾಗಿ ಮಾತಾಡಿಸಬೇಕು ಎಂದರ್ಥ. ಆದರೆ ಮನಸ್ಸು ಗಟ್ಟಿಯಾಗಿಯೇ ಇರುವ, ರುಮಟಾಯ್ಡ್ ಸಂಧಿವಾತ ಮಾತ್ರ ಇರುವ ಒಬ್ಬರಿಗೂ ಈ 10 ಬರಬಹುದು. ರಾತ್ರಿ ಮಗ್ಗುಲು ಬದಲಿಸಿದರೆ ಸಾಕು, ಭುಜದ ನೋವಿಗೆ ಎಚ್ಚರ. ಮೈಯೊಳಗೆ ಉರಿಯೂತ, ಜೊತೆಗೆ ರಕ್ತಹೀನತೆ, ಹಾಗಾಗಿ ದಿನವಿಡೀ ಸುಸ್ತು. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಔಷಧಿ ಜಾಸ್ತಿ ಮಾಡಿದಾಗ ಎಷ್ಟು ತಿಂದರೂ ಹಸಿವು. ಬೆಳಿಗ್ಗೆ ಎದ್ದಾಗ ಕೀಲೆಲ್ಲ ಹಿಡಿದುಕೊಂಡಿರುತ್ತವೆ, ಬಚ್ಚಲಿಗೆ ಹೋಗಿ ಬರಲಿಕ್ಕೇ ಅರ್ಧ ಗಂಟೆ. ಬೇಸರದ ಮಾತೇ ಇಲ್ಲದೆ ಅಂಕ ಗೆರೆ ದಾಟಿತು.

ಈ ಲೆಕ್ಕವೇ ನಮ್ಮನ್ನು ಈ ಕೆಲಸಕ್ಕೆ ಹಚ್ಚಿದ್ದು. ನಾನು ಆಸ್ಪತ್ರೆಯಲ್ಲಿ ಮನೋಸಾಮಾಜಿಕ ಕಾರ್ಯಕರ್ತೆ. ಜೊತೆಗೆ ಸಂಧಿವಾತದ ಡಾಕ್ಟರು, ಓಪಿಡಿಯ ಸಿಸ್ಟರ್, ಸಂಖ್ಯಾಶಾಸ್ತ್ರ ಓದಿದ ಒಬ್ಬ ಗೆಳತಿ. ದಾವಣಗೆರೆ, ಚನ್ನಗಿರಿ, ಹರಿಹರದ ಕಡೆಯಿಂದ ನಮ್ಮಲ್ಲಿಗೆ ಬರುವವರಿಗೆ ಈ ಪ್ರಶ್ನಾವಳಿ ಎಷ್ಟು ನಂಬಿಕೆಗೆ ಅರ್ಹ ಎಂದು ನೋಡುವುದು ಉದ್ದೇಶ. ಎಥಿಕ್ಸ್ ಕಮಿಟಿಯ ಒಪ್ಪಿಗೆ ಸಿಕ್ಕ ಮೇಲೆಯೇ ಮೊದಲ ಪ್ರಶ್ನೆ ಕೇಳಿದ್ದು.

ಹಿನ್ನೆಲೆ ಸ್ವಲ್ಪ. ಪಿಎಚ್‌ಕ್ಯೂ-9 ಪ್ರಕಟವಾದದ್ದು 2001ರಲ್ಲಿ. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಒಟ್ಟು 27. ಬಳಕೆ ಉಚಿತ. 1983ರ ಎಚ್‌ಎಡಿಎಸ್ ಎಂಬ ಇನ್ನೊಂದು ಪ್ರಶ್ನಾವಳಿ, ದೈಹಿಕ ಕಾಯಿಲೆ ಇರುವವರಿಗೆಂದೇ ನಿದ್ದೆ, ಹಸಿವಿನಂಥ ಲಕ್ಷಣಗಳನ್ನು ಹೊರಗಿಟ್ಟು ಮಾಡಿದ್ದು. ಅದಕ್ಕೆ ಅನುಮತಿ ಬೇಕು, ಶುಲ್ಕವೂ ಉಂಟು. ಸರ್ಕಾರಿ ಓಪಿಡಿಗಳಲ್ಲೂ ನಡೆಯುವಂಥದ್ದು ಬೇಕಿತ್ತು ನಮಗೆ, ಹಾಗಾಗಿ ಮೊದಲನೆಯದನ್ನೇ ಹಿಡಿದೆವು.

ರುಮಟಾಯ್ಡ್ ಸಂಧಿವಾತದಲ್ಲಿ ಖಿನ್ನತೆ ಎಷ್ಟು ಜನಕ್ಕೆ ಎಂಬ ಬಗ್ಗೆ 72 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2013ರಲ್ಲಿ ಬಂತು. ರೋಗನಿರ್ಣಯದ ಮಾನದಂಡ ಇಟ್ಟು ನೋಡಿದ ಅಧ್ಯಯನಗಳಲ್ಲಿ ಖಿನ್ನತೆ ಕಾಯಿಲೆ (ಮೇಜರ್ ಡಿಪ್ರೆಸಿವ್ ಡಿಸಾರ್ಡರ್) ಶೇ. 16.8. ಪಿಎಚ್‌ಕ್ಯೂ-9 ಬಳಸಿದ ಕಡೆ ಶೇ. 38.8. ಇವೆರಡೂ ಬೇರೆ ಬೇರೆ ಜನರಿಂದ ಬಂದ ಅಂಕಿ, ಮತ್ತು ಜರಡಿ ಹಿಡಿಯುವ ಪ್ರಶ್ನಾವಳಿ ಸ್ವಲ್ಪ ಹೆಚ್ಚೇ ಹಿಡಿಯುವುದು ಸಹಜ. ಆದರೂ ಇಷ್ಟು ದೊಡ್ಡ ಅಂತರ ಕಂಡಮೇಲೆ, ನಮ್ಮ ಊರಿನವರಿಗೆ ಯಾವ ಗೆರೆ ಸರಿ ಎಂದು ನೋಡದೆ ಬಳಸಲು ನನಗೆ ಮನಸ್ಸು ಬರಲಿಲ್ಲ.

ಮೊದಲ ಎರಡು ವಾರ

ಓದಿ ಹೇಳುವುದಕ್ಕೆ ಆಗುವಂಥ ಕನ್ನಡ ಕರಡು ಮಾಡಿಕೊಂಡು 12 ಜನರ ಎದುರು ಕೂತೆವು. ಅಂಕ ಹಾಕಲು ಅಲ್ಲ, ಪ್ರಶ್ನೆ ಅವರಿಗೆ ಹೇಗೆ ಕೇಳಿಸುತ್ತದೆ ಎಂದು ತಿಳಿಯಲು. ಪ್ರತಿ ಪ್ರಶ್ನೆ ಆದಮೇಲೆ "ನಾನು ಏನು ಕೇಳಿದೆ ಅನ್ನಿಸ್ತು?" ಎಂದು ಕೇಳಿದೆವು.

"ಖಿನ್ನತೆ" ಯಾರ ಬಾಯಲ್ಲೂ ಬರುವ ಮಾತಲ್ಲ, ಮೊದಲ ದಿನವೇ ಕೈಬಿಟ್ಟೆವು. ಬರೀ "ಬೇಸರ" ಎಂದರೆ ಬಸ್ಸಿಗೆ ಕಾದು ಬೇಸರ ಎನ್ನುವುದೂ ಸೇರುತ್ತದೆ. "ಮನಸ್ಸು ಕುಗ್ಗಿ ಹೋಗೋದು" ಎಂದಾಗ ಒಬ್ಬ ತಾಯಿ ತಲೆಯೆತ್ತಿ ನನ್ನ ಮುಖ ನೋಡಿದರು. ಆ ಮಾತು ಉಳಿಯಿತು.

ನನ್ನದೇ ಒಂದು ತಪ್ಪು ದಾಖಲಿಸಬೇಕು. ಮೈಗೆ ಸಂಬಂಧಿಸಿದ ಪ್ರಶ್ನೆಗಳಿಗೆ "ಕೀಲುನೋವಿನ ಕಾರಣ ಬಿಟ್ಟು" ಎಂದು ನಾನೇ ಸೇರಿಸಿದ್ದೆ. ಜಾಣತನ ಎಂದುಕೊಂಡಿದ್ದೆ. "ನಿದ್ದೆ ಬರಲ್ಲ ಅಂದ್ರೆ ಬರಲ್ಲ ಮೇಡಂ. ನೋವಿಗೆ ಎಷ್ಟು, ಚಿಂತೆಗೆ ಎಷ್ಟು ಅಂತ ಬೇರೆ ಬೇರೆ ತೂಗೋದು ಹೆಂಗೆ?" ಎಂದರು ಹರಿಹರದ ಒಬ್ಬರು. ಅವರು ಹೇಳಿದ್ದೇ ಸರಿ. ನೋವಿಗೆ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಮನಸ್ಸು, ಮನಸ್ಸು ಕೆಟ್ಟರೆ ನೋವು ಇನ್ನೂ ಜಾಸ್ತಿ. ನಮ್ಮ ಡಾಕ್ಟರಿಗೇ ಬಿಡಿಸಲಾಗದ ಗಂಟನ್ನು ರೋಗಿ ಬಿಡಿಸಬೇಕು ಎನ್ನುವುದು ಅನ್ಯಾಯ. ಸೇರಿಸಿದ್ದನ್ನು ತೆಗೆದೆ. ಕಾರಣ ಕೇಳದೆ, ಇದ್ದದ್ದನ್ನು ಇದ್ದ ಹಾಗೆ ಬರೆದುಕೊಳ್ಳುವುದು ಎಂದಾಯಿತು.

ಮೂರನೇ ವಾರ

ಈ ವಾರ ಕಲಿತದ್ದೇ ಹೆಚ್ಚು. ಮೊದಲ ಪ್ರಶ್ನೆ ಆಸಕ್ತಿಯದು: ಮಾಡುವ ಕೆಲಸದಲ್ಲಿ ಆಸಕ್ತಿ, ಖುಷಿ ಕಡಿಮೆಯಾಗಿದೆಯೇ? ಬಹಳ ಜನ ಕೂಡಲೇ "ಹೌದು" ಎಂದರು. ಚನ್ನಗಿರಿ ಕಡೆಯ ಒಬ್ಬರೂ ಹಾಗೇ ಅಂದರು. ಯಾವ ಕೆಲಸ ಎಂದು ಕೇಳಿದೆ. "ರಂಗೋಲಿ. ಹಾಕಬೇಕು ಅಂತ ಮನಸ್ಸೇನೋ ಐತೆ, ಬೆರಳು ಪುಡಿ ಹಿಡಿಯಲ್ಲ." ಇದು ಆಸಕ್ತಿ ಹೋದದ್ದಲ್ಲ, ಕೈ ಹೋದದ್ದು. ಪ್ರಶ್ನೆ ಕೇಳುವುದು ಆಸೆಯನ್ನು. ಅವರು ಉತ್ತರ ಕೊಟ್ಟದ್ದು ಬೆರಳಿನ ಬಗ್ಗೆ.

ಅಂದಿನಿಂದ ಮೊದಲ ಪ್ರಶ್ನೆಗೆ ಮಾತ್ರ ಒಂದು ಉಪಪ್ರಶ್ನೆ: "ಆಗಲ್ಲವೋ, ಬೇಡವೋ?" ಸುಸ್ತು, ನಿದ್ದೆಗಳಲ್ಲಿ ಇದನ್ನು ಕೇಳುವುದಿಲ್ಲ, ಅಲ್ಲಿ ಕೇಳಿದರೆ ಮತ್ತೆ ನನ್ನ ಹಳೆಯ ತಪ್ಪೇ. ಇಲ್ಲಿ ಪ್ರಶ್ನೆಯ ಅರ್ಥ ನಿಂತಿರುವುದೇ ಆ ಎರಡು ಪದಗಳ ನಡುವೆ. ಪಿಎಚ್‌ಕ್ಯೂ-9ರಲ್ಲಿ ಒಟ್ಟು ಅಂಕವಲ್ಲದೆ ಇನ್ನೊಂದು ಲೆಕ್ಕವೂ ಇದೆ. ಅದರಲ್ಲಿ ಆಸಕ್ತಿ ಇಲ್ಲವೇ ಕುಗ್ಗಿದ ಮನಸ್ಸು, ಎರಡರಲ್ಲಿ ಒಂದಾದರೂ ಇರಲೇಬೇಕು. ಹಾಗಾಗಿ ಮೊದಲ ಪ್ರಶ್ನೆ ಎಡವಿದರೆ ಎರಡೂ ಲೆಕ್ಕ ಕೆಡುತ್ತವೆ.

ಒಂದು ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಹತ್ತು ವರ್ಷದಿಂದ ಕಾಯಿಲೆ ಇರುವ ಒಬ್ಬರು ಇದೇ ಪ್ರಶ್ನೆಗೆ ಬಹಳ ಹೊತ್ತು ಸುಮ್ಮನಿದ್ದು, "ಮೊದಲು ಆಗ್ತಿರ್ಲಿಲ್ಲ. ಈಗ ಬೇಡ" ಎಂದರು.

ನಾಲ್ಕನೇ ವಾರ

ಉತ್ತರದ ನಾಲ್ಕು ಮೆಟ್ಟಿಲು ಜನಕ್ಕೆ ತೊಡಕು. "ಕೆಲವು ದಿನ", "ಅರ್ಧಕ್ಕಿಂತ ಹೆಚ್ಚು ದಿನ", "ಹೆಚ್ಚುಕಡಿಮೆ ದಿನಾ": ಬಾಯಲ್ಲಿ ಹೇಳಿದರೆ ಎಲ್ಲ ಒಂದೇ ಥರ ಕೇಳಿಸುತ್ತವೆ. ತಟ್ಟೆಯಲ್ಲಿ 14 ಹುಣಸೆ ಬೀಜ ಇಟ್ಟು "ಎಷ್ಟು ದಿನ ಹೀಗಾಯ್ತೋ ಅಷ್ಟು ಈ ಕಡೆ ಸರಿಸಿ" ಎಂದೆವು. ಲೆಕ್ಕ ಥಟ್ಟನೆ ಅರ್ಥವಾಯಿತು. ಆದರೆ ಊದಿದ ಬೆರಳಿಗೆ ಬೀಜ ಸಿಗುವುದಿಲ್ಲ ಎನ್ನುವುದು ನಮಗೆ ಹೊಳೆದಿರಲಿಲ್ಲ. ಒಬ್ಬರು ಮೂರು ಸಲ ಪ್ರಯತ್ನಿಸಿ ಕೈ ಮಡಿಲಿಗೆ ಎಳೆದುಕೊಂಡರು. ನೋಡಲಾಗಲಿಲ್ಲ. ಮರುದಿನ ಸಿಸ್ಟರ್ ಮನೆಯಿಂದ 14 ಗೋಟಡಿಕೆ ತಂದರು. ಅಂಗೈಯಿಂದ ತಳ್ಳಿದರೂ ಸರಿಯುತ್ತವೆ. 2ರಿಂದ 6 ಅಡಿಕೆಗೆ 1 ಅಂಕ, 7ರಿಂದ 11ಕ್ಕೆ 2, 12ರಿಂದ ಮೇಲಕ್ಕೆ 3.

ಇನ್ನೊಂದು ಅನುಕೂಲವೂ ಆಯಿತು. ಸೊಸೆಯೋ ಗಂಡನೋ ಪಕ್ಕದಲ್ಲಿ ನಿಂತು "ಅವರು ಚೆನ್ನಾಗೇ ಅದಾರೆ" ಎಂದು ತಾವೇ ಉತ್ತರ ಕೊಡುವುದು ಹೆಚ್ಚು. ಈಗ ಅವರನ್ನು ಔಷಧಿ ಚೀಟಿ ಮಾಡಿಸಲು ಕಳಿಸಿ, ರೋಗಿಯ ಮುಂದೆ ತಟ್ಟೆ ಇಡುತ್ತೇವೆ. ಮಾತಾಡದೆ, ಅಡಿಕೆ ಸರಿಸಿಯೇ ಉತ್ತರ ಕೊಡುವವರಿದ್ದಾರೆ.

ಒಂಬತ್ತನೇ ಪ್ರಶ್ನೆ

ಸತ್ತರೇ ವಾಸಿ ಅನ್ನಿಸಿದೆಯೇ, ತನಗೆ ತಾನೇ ಏನಾದರೂ ಮಾಡಿಕೊಳ್ಳಬೇಕು ಅನ್ನಿಸಿದೆಯೇ ಎಂಬ ಪ್ರಶ್ನೆ. ವಯಸ್ಸಾದವರು "ದೇವರು ಬೇಗ ಕರ್ಕೊಂಡ್ರೆ ಸಾಕು" ಎನ್ನುತ್ತಾರೆ, ನಮ್ಮ ಮನೆಗಳಲ್ಲಿ ದಿನಾ ಕೇಳುವ ಮಾತು. ಇದಕ್ಕೆ ಅಂಕ ಕೊಡಬೇಕೇ ಎಂದು ನಮ್ಮಲ್ಲೇ ವಾದ ನಡೆಯಿತು. ಕೊಡಬೇಕು ಎನ್ನುವುದೇ ನನ್ನ ನಿಲುವು, ಅದೇ ಗೆದ್ದಿತು. ರೂಢಿಯ ಮಾತೇ ಇರಬಹುದು. ಇದ್ದರೂ ಕೂತು ಕೇಳಿದರೆ ನಷ್ಟವಿಲ್ಲ.

ನಿಯಮ ಸ್ಪಷ್ಟ: ಈ ಪ್ರಶ್ನೆಗೆ ಒಂದೇ ಅಡಿಕೆ ಸರಿದರೂ ಅದೇ ದಿನ ಮನೋವೈದ್ಯರು ನೋಡಬೇಕು, ಅಲ್ಲಿಯವರೆಗೆ ಅವರನ್ನು ಒಬ್ಬರೇ ಬಿಡುವಂತಿಲ್ಲ. ಒಟ್ಟು ಅಂಕ ಎಷ್ಟೇ ಇರಲಿ. ಹೋಗುವಾಗ ಎಲ್ಲರ ಕೈಗೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ ಸಂಖ್ಯೆ 14416 ಬರೆದ ಚೀಟಿ ಕೊಡುತ್ತೇವೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಮುಂದೆ

ಇನ್ನು ನಿಜವಾದ ಪರೀಕ್ಷೆ. ಪ್ರಶ್ನಾವಳಿ ಆದ ಎರಡು ದಿನದೊಳಗೆ, ಅಂಕ ಗೊತ್ತಿಲ್ಲದ ಮನೋವೈದ್ಯರು ಅದೇ ವ್ಯಕ್ತಿಯನ್ನು ಪೂರ್ತಿ ಸಂದರ್ಶಿಸಬೇಕು. ಒಂಬತ್ತನೇ ಪ್ರಶ್ನೆಗಾಗಿ ಅದೇ ದಿನ ನೋಡುವವರು ಬೇರೆ, ಈ ಸಂದರ್ಶನ ಮಾಡುವವರು ಬೇರೆ. ಅಂಕ ಜಾಸ್ತಿ ಬಂದವರನ್ನಷ್ಟೇ ಕಳಿಸಿ ಎಂಬ ಸಲಹೆ ಬಂದಿತ್ತು, ಸಮಯ ಉಳಿಯುತ್ತದೆ ಎಂದು. ಗೆಳತಿ ಒಪ್ಪಲಿಲ್ಲ. 4 ಅಂಕ ಬಂದವರಲ್ಲಿ ಯಾರನ್ನು ಪ್ರಶ್ನಾವಳಿ ಕೈಬಿಟ್ಟಿತು ಎಂದು ತಿಳಿಯುವುದು ಅವರನ್ನೂ ಮಾತಾಡಿಸಿದರೆ ಮಾತ್ರ. ಈಗಾಗಲೇ ಖಿನ್ನತೆಗೆ ಔಷಧಿ ತೆಗೆದುಕೊಳ್ಳುವವರನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ. ಗೊತ್ತಿದ್ದವರನ್ನೇ ಮತ್ತೆ ಪತ್ತೆ ಮಾಡಿದರೆ ಪ್ರಶ್ನಾವಳಿ ಇರುವುದಕ್ಕಿಂತ ಚುರುಕು ಎಂದು ಕಾಣುತ್ತದೆ.

ಬಸ್ಸಿನ ಖರ್ಚು ನಾವೇ ಕೊಡುತ್ತೇವೆ, ಇಲ್ಲವಾದರೆ ಎರಡನೇ ಸಲ ಯಾರು ಬರುತ್ತಾರೆ? ಸಂದರ್ಶನದ ಕೋಣೆಯಲ್ಲಿ ತಗ್ಗು ಕುರ್ಚಿಗಳಿದ್ದವು, ಮಂಡಿನೋವಿನವರು ಕೂತರೆ ಏಳಲಾಗದು. ನಿನ್ನೆ ಕೈ ಇರುವ ಎತ್ತರದ ಎರಡು ಕುರ್ಚಿ ಹಾಕಿಸಿದೆವು. ಸೋಮವಾರ ಮೊದಲ ಸಂದರ್ಶನ, ಬೆಳಿಗ್ಗೆ ಹನ್ನೊಂದಕ್ಕೆ. ಅಷ್ಟು ಹೊತ್ತಿಗೆ ಕೀಲುಗಳು ಸ್ವಲ್ಪ ಸಡಿಲವಾಗಿರುತ್ತವೆ.